ಜಾಸು ಪಿಟ್ಸ್ ಕೈಗಳನ್ನು ನೋಡು, ಪುಟ್ಟಿ

ಪ್ರೀತಿಯ ಪುಟ್ಟಿ,

ಮೊನ್ನೆ ಫೋನಿನಲ್ಲಿ ನೀನು ಅತ್ತಿದ್ದು ಇನ್ನೂ ಕಿವಿಯಲ್ಲೇ ಇದೆ. ಮೂರನೇ ಧಾರಾವಾಹಿಯಲ್ಲೂ ಅದೇ ಪೆದ್ದು ಕೆಲಸದವಳ ಪಾತ್ರ. "ನನ್ನ ಮುಖ ಕಂಡ್ರೆ ಸಾಕು ಅತ್ತೆ, ನಗ್ತಾರೆ. ಬಿಟ್ಟು ಬರ್ತೀನಿ" ಅಂದೆ. ಬರುವುದಾದರೆ ಬಾ, ಈ ಮನೆ ನಿನ್ನದೇ. ಆದರೆ ಅದಕ್ಕೂ ಮೊದಲು ಇದನ್ನು ಓದು.

ಅಮೆರಿಕದ ಮೂಕಿ ಚಿತ್ರಗಳಲ್ಲಿ ಜಾಸು ಪಿಟ್ಸ್ ಅಂತ ಒಬ್ಬಳು ನಟಿ ಇದ್ದಳು. 1894ರಲ್ಲಿ ಕಾನ್ಸಾಸ್‌ನಲ್ಲಿ ಹುಟ್ಟಿದವಳು. ಎಲೈಜಾ, ಸೂಸನ್ ಎಂಬ ಇಬ್ಬರು ಸೋದರತ್ತೆಯರ ಹೆಸರಿನ ತುಂಡು ಸೇರಿಸಿ ಆ ಹೆಸರು ಇಟ್ಟರಂತೆ. ನಾನೂ ಸೋದರತ್ತೆ ಅಲ್ವಾ, ಓದಿ ಖುಷಿಯಾಯಿತು. ದೊಡ್ಡ ಕಣ್ಣು, ಸೋತ ಮುಖ, ಸುಮ್ಮನೆ ನಿಲ್ಲದ ಕೈಗಳು. 1917ರಲ್ಲಿ, ಆ ಕಾಲದ ದೊಡ್ಡ ತಾರೆ ಮೇರಿ ಪಿಕ್‌ಫರ್ಡ್ ಚಿತ್ರವೊಂದರಲ್ಲಿ ಜಾಸುವೂ ಕೆಲಸದ ಹುಡುಗಿಯಾಗಿದ್ದಳು.

ನಗಿಸುವುದೇ ಆಕೆಯ ಪಾಲಿಗೆ ಜಾಸ್ತಿ ಬಂತು. ಎರಿಕ್ ವಾನ್ ಸ್ಟ್ರೋಹೈಮ್ ಎಂಬ ನಿರ್ದೇಶಕನಿಗೆ ಅದೇ ಮುಖದಲ್ಲಿ ದುಃಖ ಕಂಡಿತು. 1924ರ 'ಗ್ರೀಡ್' ಚಿತ್ರದಲ್ಲಿ ಟ್ರೀನಾ ಪಾತ್ರ ಕೊಟ್ಟ. ಲಾಟರಿಯಲ್ಲಿ 5000 ಡಾಲರ್ ಗೆದ್ದು, ಆಮೇಲೆ ಆ ಹಣದ ಮೇಲೇ ಪ್ರಾಣ ಇಟ್ಟುಕೊಂಡು ಹಾಳಾಗುವ ಹೆಂಗಸು. ಚಿನ್ನದ ನಾಣ್ಯಗಳನ್ನು ಹಾಸಿಗೆ ಮೇಲೆ ಹರಡಿಕೊಂಡು ಮಲಗುವಾಗ ಆ ಕೈಗಳನ್ನು ನೋಡು. ನಗು ತರಿಸುತ್ತಿದ್ದ ಕೈಗಳೇ ಅವು. ಇಲ್ಲಿ ಮೈ ಜುಂ ಅನ್ನುತ್ತದೆ. ಸುಮಾರು ಎಂಟು ಗಂಟೆಯ ಚಿತ್ರವನ್ನು ಸ್ಟುಡಿಯೋದವರು ಎರಡೂ ಚಿಲ್ಲರೆ ಗಂಟೆಗೆ ಕತ್ತರಿಸಿದರು. ಆಕೆಯ ಕೆಲಸ ಅದರಲ್ಲಿ ಎಷ್ಟು ಹೋಯಿತೋ ಅಂತ ನನಗೆ ಈಗಲೂ ಸಂಕಟ.

1930ರಲ್ಲಿ 'ಆಲ್ ಕ್ವೈಟ್ ಆನ್ ದ ವೆಸ್ಟರ್ನ್ ಫ್ರಂಟ್' ಚಿತ್ರದಲ್ಲಿ ಯುದ್ಧಕ್ಕೆ ಹೋದ ಹುಡುಗನ ತಾಯಿಯಾದಳು. ಬಿಡುಗಡೆಗೆ ಮೊದಲು ತೋರಿಸಿದಾಗ, ಆಕೆಯನ್ನು ಕಂಡು ಜನ ನಕ್ಕುಬಿಟ್ಟರು. ಆ ದೃಶ್ಯಗಳನ್ನು ಬೆರಿಲ್ ಮರ್ಸರ್ ಎಂಬ ನಟಿಯನ್ನು ಹಾಕಿ ಮತ್ತೆ ತೆಗೆದರು. ಎಂಥ ನೋವು ಅಲ್ವಾ? ಆದರೂ ಜಾಸು ಮನೆ ಸೇರಲಿಲ್ಲ. ಥೆಲ್ಮಾ ಟಾಡ್ ಎಂಬ ನಟಿಯ ಜೊತೆ ಕಿರುಚಿತ್ರಗಳಲ್ಲಿ ನಗಿಸಿದಳು. ಗೆಳತಿ ಬಾರ್ಬರಾ ಲಾ ಮಾರ್ 1926ರಲ್ಲಿ ತೀರಿಕೊಂಡಾಗ ಆಕೆಯ ಪುಟ್ಟ ಮಗನನ್ನು ತಾನೇ ಸಾಕಿದ್ದಳು. ಕ್ಯಾನ್ಸರ್ ಬಂದ ಮೇಲೂ ನಟಿಸುತ್ತಲೇ ಇದ್ದು, 1963ರಲ್ಲಿ ಹೋದಳು.

ನಿನ್ನ ಕೆಲಸದವಳನ್ನು ಹಗುರ ಮಾಡಬೇಡ, ಪುಟ್ಟಿ. ಅವಳಿಗೂ ಊರಲ್ಲಿ ಮಗು ಇರಬಹುದು, ಕೈಸಾಲ ಇರಬಹುದು. ಕಾಫಿ ಲೋಟ ಇಡುವಾಗ ಅದು ನಿನ್ನ ಬೆರಳಲ್ಲಿ ಕಾಣಲಿ, ಡೈಲಾಗ್ ಬೇಕಿಲ್ಲ. ಹಾಗಂತ ಸ್ಟ್ರೋಹೈಮ್‌ನಂಥವರು ತಾವಾಗಿ ಹುಡುಕಿಕೊಂಡು ಬರಲಿ ಅಂತ ಕಾಯುತ್ತಲೂ ಕೂರಬೇಡ. ಬಿಡುವಿದ್ದಾಗ ನಿನ್ನ ಹಳೇ ನಾಟಕ ತಂಡಕ್ಕೆ ಹೋಗು. ಅಳುವ ಪಾತ್ರವನ್ನೇ ಕೇಳಿ ಮಾಡು. ಧಾರಾವಾಹಿಯ ನಿರ್ದೇಶಕರನ್ನು ನೀನೇ ಕರೆದು ಮುಂದಿನ ಸಾಲಲ್ಲಿ ಕೂರಿಸು. ನನಗೂ ಒಂದು ಸೀಟು ಇಡು, ಬಸ್ಸು ಹತ್ತಿ ಬರುತ್ತೇನೆ.

ನಿನ್ನ,
ಅತ್ತೆ