ಪುಟ್ಟಿಗೆ, ಅಬರ್ಡೀನ್‌ಗೆ ಹೊರಡುವ ಮೊದಲು

ಗ್ಲಾಸ್ಗೋ

ಪ್ರೀತಿಯ ಪುಟ್ಟಿಗೆ ಮಾವನ ಆಶೀರ್ವಾದಗಳು.

ಇಲ್ಲಿ ಎಲ್ಲರೂ ಕ್ಷೇಮ. ಅಬರ್ಡೀನ್ ಆಸ್ಪತ್ರೆಯಿಂದ ನರ್ಸ್ ಕೆಲಸದ ಆರ್ಡರ್ ಬಂತೆಂದು ಅಕ್ಕ ಫೋನಿನಲ್ಲಿ ಹೇಳಿದಳು. ಚಳಿಗೆ ಏನೇನು ತರಬೇಕು ಅಂತ ಕೇಳಿದ್ದೀಯ. ಅದೆಲ್ಲ ಇಲ್ಲಿಗೆ ಬಂದಮೇಲೆ ಕೊಂಡರಾಯಿತು. ಮೊದಲು ಸ್ಕಾಟ್ಲೆಂಡಿನವರ ಮಾತಿಗೆ ಕಿವಿಯನ್ನು ತಯಾರು ಮಾಡಿಕೋ. ಆಸ್ಪತ್ರೆ ಕೆಲಸದವರ ಇಂಗ್ಲಿಷ್ ಪರೀಕ್ಷೆ ಓಇಟಿ ಪಾಸಾಗಿದೆ, ಇಂಗ್ಲಿಷ್ ಗೊತ್ತು ಎಂಬ ಧೈರ್ಯ ವಾರ್ಡಿನಲ್ಲಿ ಮೊದಲ ದಿನವೇ ಅಲುಗಾಡುತ್ತದೆ.

ಸಮಾಧಾನದ ಸುದ್ದಿ ಮೊದಲು. ಸ್ಕಾಟ್ಲೆಂಡಿನವರ ಉಚ್ಚಾರ ಲಂಡನ್ನಿನವರದಕ್ಕಿಂತ ನಮಗೆ ಹತ್ತಿರ. 'ಗೋಟ್' ಅನ್ನುವಾಗ ಲಂಡನ್ನಿನವರ ಓ ಜಾರಿಕೊಂಡು ಉ ಕಡೆಗೆ ಹೋಗುತ್ತದೆ. ಇಲ್ಲಿ ಅದು ನಮ್ಮ ಓ ಥರವೇ ನೆಟ್ಟಗೆ ನಿಲ್ಲುತ್ತದೆ. ಏ ಕೂಡ ಹಾಗೆಯೇ. 'ಕಾರ್', 'ನರ್ಸ್' ಪದಗಳ ರ್ ಅನ್ನು ಇವರು ನುಂಗುವುದಿಲ್ಲ. 'ವೇರ್ ಡು ಯು ಸ್ಟೇ' ಅಂತ ನಮ್ಮವರು ಮನೆ ಎಲ್ಲಿ ಎಂಬರ್ಥದಲ್ಲಿ ಕೇಳಿದರೆ ಲಂಡನ್ನಿನಲ್ಲಿ ಯಾವ ಹೋಟೆಲು ಅಂದುಕೊಳ್ಳುತ್ತಾರೆ. ಇಲ್ಲಿನವರು ಕೇಳುವುದೇ ಹಾಗೆ. ಆದರೆ ನಮ್ಮ ಹ್ರಸ್ವ-ದೀರ್ಘದ ಲೆಕ್ಕ ಮಾತ್ರ ಇಲ್ಲಿ ಕೈಕೊಡುತ್ತದೆ. 'ಫುಲ್', 'ಫೂಲ್' ಎರಡನ್ನೂ ಒಂದೇ ಥರ ಹೇಳುತ್ತಾರೆ. ಅವೆರಡರ ನಡುವೆ ಕಿವಿಯಿಂದ ವ್ಯತ್ಯಾಸ ಹುಡುಕಬೇಡ, ವಾಕ್ಯ ನೋಡಿ ತಿಳಿದುಕೋ.

ನರ್ಸ್ ಆದವಳು ಮುಖ್ಯವಾಗಿ ತಿಳಿಯಬೇಕಾದದ್ದು ಇವರ 'ಇಲ್ಲ'. ನಮ್ಮ 'ತಿನ್ನಲ್ಲ', 'ಬರಲ್ಲ'ದಲ್ಲಿ ಇರುವಂತೆ ಇವರಲ್ಲೂ ನಿಷೇಧ ಕ್ರಿಯಾಪದದ ಬಾಲಕ್ಕೆ ಅಂಟಿಕೊಂಡಿರುತ್ತದೆ. ಗ್ಲಾಸ್ಗೋದಲ್ಲಿ ಕ್ಯಾನೆ (ಕ್ಯಾಂಟ್), ಡಿಡ್ನೆ (ಡಿಡಂಟ್), ವಾಸ್ನೆ (ವಾಸಂಟ್). ನೀನು ಹೋಗುವ ಅಬರ್ಡೀನ್ ಕಡೆ ಕಾನ್ನಾ, ಡಿಡ್ನಾ, ಡಿನ್ನಾ (ಡೋಂಟ್). ಮಾತ್ರೆ ತಗೊಂಡಿರಾ ಅಂತ ಕೇಳಿದರೆ ಮುದುಕರೊಬ್ಬರು 'ಆ ಡಿಡ್ನಾ ಟಾಕ್ ಇಟ್', ಅಂದರೆ ನಾನು ತಗೊಂಡಿಲ್ಲ, ಅನ್ನುತ್ತಾರೆ. ನಿನ್ನ ಕಿವಿ 'ಡಿಡ್'ಗೇ ನಿಂತುಬಿಟ್ಟರೆ ತಗೊಂಡಿದ್ದಾರೆ ಅಂತ ಚಾರ್ಟಿನಲ್ಲಿ ಬರೆದುಬಿಡುತ್ತೀಯ. ಅದಕ್ಕೇ ಔಷಧ, ಅಲರ್ಜಿ, ಊಟ ಈ ಮೂರು ವಿಷಯದಲ್ಲಿ ತಿರುಗಿಸಿ ಕೇಳು: 'ಹಾಗಾದರೆ ಇವತ್ತು ಮಾತ್ರೆ ತಗೊಂಡಿಲ್ಲ, ಅಲ್ಲವಾ?' ಸುಮ್ಮನೆ 'ಸಾರಿ?' ಅಂದರೆ ಅದೇ ಮಾತನ್ನು ಅದೇ ವೇಗದಲ್ಲಿ ಇನ್ನಷ್ಟು ಜೋರಾಗಿ ಹೇಳುತ್ತಾರೆ, ಅಷ್ಟೇ.

ಇನ್ನು ಅಬರ್ಡೀನ್ ಸೀಮೆಯ ಆಡುಮಾತು ಡಾರಿಕ್. ಹಳಗನ್ನಡದ ಪಾಲು, ಪುಲಿ ನಮ್ಮ ಬಾಯಲ್ಲಿ ಹಾಲು, ಹುಲಿ ಆದವಲ್ಲ, ಅಷ್ಟೇ ಕ್ರಮಬದ್ಧವಾಗಿ ಇಂಗ್ಲಿಷಿನ ಪ್ರಶ್ನೆಪದಗಳ ಮೊದಲಕ್ಷರ ಇಲ್ಲಿ 'ಫ' ಆಗಿದೆ. ಫಿಟ್ ಅಂದರೆ ಏನು, ಫಾರ್ ಅಂದರೆ ಎಲ್ಲಿ, ಫಾ ಅಂದರೆ ಯಾರು, ಫಾನ್ ಅಂದರೆ ಯಾವಾಗ, ಫೂ ಅಂದರೆ ಹೇಗೆ. ಯಾಕೆ ಅನ್ನುವುದಕ್ಕೆ 'ಫಿಟ್ ವೈ'. 'ಫಿಟ್ ಲೈಕ್?' ಅಂದರೆ ಹೇಗಿದ್ದೀಯ. 'ನೇ ಬ್ಯಾಡ್' ಅಂದರೆ ಸಾಕು. ಪಾದವೂ ಇವರಿಗೆ 'ಫಿಟ್'ಏ ಆದ್ದರಿಂದ, ಯಾವ ಕಾಲಿಗೆ ಯಾವುದು ಸರಿಹೊಂದುತ್ತೆ ಎಂಬ ಚಪ್ಪಲಿ ಅಂಗಡಿಯ ಪ್ರಶ್ನೆಯನ್ನು 'ಫಿಟ್ ಫಿಟ್ ಫಿಟ್ಸ್ ಫಿಟ್ ಫಿಟ್?' ಅಂತ ಹೇಳಿ ಹೊಸಬರನ್ನು ಗೋಳು ಹೊಯ್ದುಕೊಳ್ಳುತ್ತಾರೆ. ನಿನಗೂ ಯಾರಾದರೂ ಹೇಳಿಯೇ ಹೇಳುತ್ತಾರೆ, ತಯಾರಿರು. ಆದರೆ ಗ್ಲಾಸ್ಗೋಗೆ ನಮ್ಮನ್ನು ನೋಡಲು ಬಂದಾಗ ಒಂದು ಎಚ್ಚರ: ಇಲ್ಲಿ 'ಹೌ?' ಅಂದರೆ ಹೇಗೆ ಅಂತಲ್ಲ, ಎಷ್ಟೋ ಸಲ ಯಾಕೆ ಅಂತ. 'ಹೌ ನೋ?' ಅಂದರೆ ಯಾಕಿಲ್ಲ?

ಹಾಸಿಗೆಯ ಪಕ್ಕ ನಿಂತಾಗ ಇಂಥ ಮಾತು ಕೇಳುತ್ತದೆ: 'ಆಮ್ ನೇ ವೀಲ್, ಕ್ವೈನ್. ಮಾ ಆಕ್ಸ್ಟರ್ಸ್ ಸೇರ್, ಆನ್ ಆ ಕಾನ್ನಾ ಸ್ಲೀಪ್.' ಬಿಡಿಸಿ ನೋಡು. ನೇ ವೀಲ್, ಮೈ ಚೆನ್ನಾಗಿಲ್ಲ. ಕ್ವೈನ್, ಹುಡುಗಿ, ಇದು ಪ್ರೀತಿಯಿಂದ ಕರೆಯುವ ಮಾತು. ಹುಡುಗ 'ಲೂನ್', ತಲೆಕೆಟ್ಟವನು ಅಂತಲ್ಲ. ಆಕ್ಸ್ಟರ್ ಅಂದರೆ ಕಂಕುಳು. ಸೇರ್ ಅಂದರೆ ನೋವು. ನಿದ್ದೆ ಬರ್ತಿಲ್ಲ. ಥರ್ಮಾಮೀಟರು ಇಡಲು ಹೋದಾಗ ಬೇಕಾಗುವ ಮಾತು ಅದೇ ಆಕ್ಸ್ಟರ್. ಇಂಜೆಕ್ಷನ್ನಿಗೆ 'ಜ್ಯಾಗ್', ಪ್ಲಾಸ್ಟರಿಗೆ 'ಸ್ಟೂಕಿ', ಮುಖ ಬಿಳಿಚಿಕೊಂಡಿದ್ದರೆ 'ಪೀಲಿ-ವಾಲಿ', ಕುಂಟುವುದಕ್ಕೆ 'ಹರ್ಪಲ್'. ಮಗು 'ಗ್ರೀಟಿನ್' ಅಂದರೆ ನಮಸ್ಕಾರ ಮಾಡುತ್ತಿಲ್ಲ, ಅಳುತ್ತಿದೆ. 'ಆ ಡೌಟ್ ಇಟ್ಲ್ ರೇನ್' ಅಂದರೆ ಮಳೆ ಬರೋದು ಅನುಮಾನ ಅಂತಲ್ಲ, ಬರುತ್ತೆ ಅಂತ ಅನುಮಾನ. ಈ ವ್ಯತ್ಯಾಸ ಕನ್ನಡದವರಿಗೆ ಹೇಳಿಕೊಡಬೇಕಾಗಿಲ್ಲ. ಡ್ಯೂಟಿ ಬದಲಾಗುವಾಗ ರೋಗಿಯ ಬಗ್ಗೆ ಸಹೋದ್ಯೋಗಿ 'ಐ ಡೌಟ್' ಅಂದರೆ ಮಾತ್ರ ಯಾವ ಅರ್ಥ ಅಂತ ಕೇಳಿಬಿಡು.

ಹತ್ತಕ್ಕೆ ಎಷ್ಟು ನೋವು ಅಂತ ಕೇಳಿದಾಗ ಟ್ವಾ, ಫೌವರ್, ಸ್ಯಾಕ್ಸ್, ಏಖ್ಟ್ ಅನ್ನುತ್ತಾರೆ: 2, 4, 6, 8. ಆ 'ಖ್' ಗಂಟಲು ಉಜ್ಜಿ ಬರುವ ಸದ್ದು, ಉರ್ದುವಿನ 'ಖಬರ್'ನಲ್ಲಿರುವಂಥದ್ದು. ಕೊನೆಗೆ ಬೆರಳು ತೋರಿಸಿ ಖಾತ್ರಿ ಮಾಡಿಕೋ. ಪದದ ನಡುವಿನ ಟ ಬಿದ್ದುಹೋಗುವುದು ಇನ್ನೊಂದು ತೊಡಕು. ಗ್ಲಾಸ್ಗೋದಲ್ಲಿ ಇದು ಜಾಸ್ತಿ, ಅಬರ್ಡೀನಿನ ಹುಡುಗರಲ್ಲೂ ಇದೆ. ಮಗುವಿಗೆ 'ಅ-ಅ, ಮುಟ್ಟಬೇಡ' ಅನ್ನುವಾಗ ಎರಡು ಅಕಾರಗಳ ನಡುವೆ ಗಂಟಲು ಒಂದು ಕ್ಷಣ ಮುಚ್ಚುತ್ತದಲ್ಲ, 'ವಾಟರ್'ನ ಟ ಇರಬೇಕಾದ ಜಾಗದಲ್ಲಿ ಅಷ್ಟೇ ಇರುತ್ತದೆ.

ಹೊತ್ತಿನ ಮಾತಿನಲ್ಲಿ ಎಡವಬೇಡ. 'ಹಾಫ್ ಸೆವೆನ್' ಅಂದರೆ ಏಳೂವರೆ. 'ಬ್ಯಾಕ್ ಆಫ್ ಸೆವೆನ್' ಅಂದರೆ ಏಳಕ್ಕೆ ಮುಂಚೆ ಅಲ್ಲ, ಏಳು ಹೊಡೆದು ಸ್ವಲ್ಪ ಹೊತ್ತಾದ ಮೇಲೆ. 'ದ ಮಾರ್ನ್' ಅಂದರೆ ನಾಳೆ, ಬೆಳಿಗ್ಗೆ ಅಲ್ಲ. ನಾಳೆ ಬೆಳಿಗ್ಗೆಗೆ 'ದ ಮಾರ್ನ್ಸ್ ಮಾರ್ನ್'.

ಆ ಆಸ್ಪತ್ರೆಗೆ ಶೆಟ್ಲೆಂಡ್ ದ್ವೀಪಗಳಿಂದಲೂ ರೋಗಿಗಳು ಬರುತ್ತಾರೆ. ಅವರು 'ದಿಸ್', 'ಥಿಂಕ್' ಅನ್ನುವುದನ್ನು 'ಡಿಸ್', 'ಟಿಂಕ್' ಅನ್ನುತ್ತಾರೆ. ಚಿಕ್ಕದು ಅನ್ನಲು ಉಳಿದ ಕಡೆ 'ವೀ' ಇದ್ದರೆ ಅವರಲ್ಲಿ 'ಪೀರಿ'. ನಮ್ಮ ನೀನು-ನೀವು ಭೇದ ಅವರಲ್ಲಿ ಇನ್ನೂ ಉಳಿದಿದೆ: ಹತ್ತಿರದವರಿಗೆ 'ಡೂ', ಗೌರವಕ್ಕೆ 'ಯೂ'. ಅಜ್ಜಿಯೊಬ್ಬರು ನಿನ್ನನ್ನು 'ಡೂ' ಅಂದರೆ ಸಲಿಗೆ ಬಂತು ಅಂತ ಖುಷಿಪಡು.

ಹೊಸಬರ ಜೊತೆ ಮಾತಾಡುವಾಗ ಇವರು ತಮ್ಮ ಮಾತನ್ನು ತಾವೇ ತಿದ್ದಿಕೊಳ್ಳುತ್ತಾರೆ. ಪೂರಾ ಡಾರಿಕ್ ಹೊರಬೀಳುವುದು ಅವರವರೇ ಸೇರಿದಾಗ, ಇಲ್ಲವೇ ನೋವು, ನಿದ್ದೆಗೇಡು, ಮುಪ್ಪು ಇದ್ದಾಗ. ಅಂದರೆ ನಿನ್ನ ಕೆಲಸ ಇರುವ ಕಡೆಯೇ. ಇದನ್ನು ಕೆಟ್ಟ ಇಂಗ್ಲಿಷ್ ಅಂದುಕೊಳ್ಳಬೇಡ. 2011ರ ಜನಗಣತಿಯಲ್ಲಿ 15 ಲಕ್ಷಕ್ಕೂ ಹೆಚ್ಚು ಜನ ತಮಗೆ ಸ್ಕಾಟ್ಸ್ ಭಾಷೆ (ಡಾರಿಕ್ ಅದರದೇ ಒಂದು ರೂಪ) ಮಾತಾಡಲು ಬರುತ್ತದೆ ಅಂತ ಬರೆಸಿದ್ದಾರೆ. ಹಾಗಂತ ನೀನೂ ಅವರ ಥರ ಮಾತಾಡಲು ಹೋಗಬೇಡ, ಅಣಕಿಸಿದ ಹಾಗೆ ಕೇಳಿಸುತ್ತದೆ. ಹೌದು ಅನ್ನುವ 'ಐ', ಚಿಕ್ಕದು ಅನ್ನುವ 'ವೀ' ಎರಡು ತಾವಾಗಿಯೇ ಬಾಯಿಗೆ ಅಂಟಿಕೊಳ್ಳುತ್ತವೆ, ಅಷ್ಟು ಸಾಕು.

ನಮ್ಮ ಕಡೆಯ ತಪ್ಪು ಒಂದಿದೆ, ಅದನ್ನು ಹೊರಡುವ ಮೊದಲೇ ತಿದ್ದಿಕೋ. 'ವೆಸ್ಟ್ ವಾರ್ಡ್' ಅನ್ನುವಾಗ ನಾವು ಕೆಳತುಟಿಯನ್ನು ಹಲ್ಲಿಗೆ ತಾಗಿಸಿ ವ ಅನ್ನುತ್ತೇವೆ. ಅವರಿಗೆ ಅದು ಬನಿಯನ್ನಿನ 'ವೆಸ್ಟ್' ಆಗಿ ಕೇಳುತ್ತದೆ. ಸೀಟಿ ಹೊಡೆಯುವ ಹಾಗೆ ತುಟಿ ದುಂಡಗೆ ಮಾಡಿ ಶುರುಮಾಡು. ಕನ್ನಡಿ ಮುಂದೆ ದಿನಾ ಐದು ನಿಮಿಷ ಹೇಳಿಕೊಂಡರೆ ಹಿಡಿತಕ್ಕೆ ಬರುತ್ತದೆ.

ಅರ್ಥವಾಗದ ಪದ ಸಿಕ್ಕರೆ 'ಡಿಕ್ಷನರೀಸ್ ಆಫ್ ದ ಸ್ಕಾಟ್ಸ್ ಲ್ಯಾಂಗ್ವೇಜ್' ಅಂತ ಅಂತರ್ಜಾಲದಲ್ಲಿ ಪುಕ್ಕಟೆ ನಿಘಂಟು ಇದೆ. ಜೇಬಿನಲ್ಲಿ ಚಿಕ್ಕ ಪುಸ್ತಕ ಇಟ್ಟುಕೊಂಡು ಕೇಳಿದ್ದನ್ನು ಕೇಳಿದ ಹಾಗೆ ಕನ್ನಡ ಲಿಪಿಯಲ್ಲೇ ಬರೆದುಕೋ. ಇಂಗ್ಲಿಷ್ ಸ್ಪೆಲಿಂಗಿಗಿಂತ ನಮ್ಮ ಅಕ್ಷರ ಆ ಸದ್ದನ್ನು ಚೆನ್ನಾಗಿ ಹಿಡಿಯುತ್ತದೆ. ಆಮೇಲೆ ಸಹೋದ್ಯೋಗಿಗೆ ಓದಿ ಹೇಳಿದರೆ ಅವರೇ ಅರ್ಥ ಹೇಳುತ್ತಾರೆ. ಅದಕ್ಕೆ ಒಳ್ಳೆಯ ಹೊತ್ತು 'ಫ್ಲೈ ಕಪ್'. ಅಂದರೆ ಕೆಲಸದ ನಡುವೆ ಕುಡಿಯುವ ಟೀ. ಜೊತೆಗೆ 'ಫೈನ್ ಪೀಸ್' ಅಂದರೆ ಕೇಕೋ ಬಿಸ್ಕತ್ತೋ ಇರುತ್ತದೆ. ಕರೆದರೆ ಸಂಕೋಚ ಮಾಡದೆ ಹೋಗು.

ಅಕ್ಕ, ಭಾವನವರಿಗೆ ನನ್ನ ನಮಸ್ಕಾರ ತಿಳಿಸು.

ನಿನ್ನ ಮಾವ