ಸಾಕ್ಷಿ ತಿರುಗಿಬೀಳುವುದು ಎರಡು ವಾಯಿದೆಗಳ ನಡುವೆ

ಮಾನ್ಯ ಸಂಪಾದಕರೇ,

ದೊಡ್ಡ ಪ್ರಕರಣವೊಂದು ಖುಲಾಸೆಯಾದಾಗಲೆಲ್ಲ ‘ಸಾಕ್ಷಿಗಳು ಪ್ರತಿಕೂಲವಾದರು’, ಅಂದರೆ ಮೊದಲು ಹೇಳಿದ್ದಕ್ಕೆ ತಿರುಗಿಬಿದ್ದರು, ಎಂಬ ಸಾಲು ಪತ್ರಿಕೆಯಲ್ಲಿ ಬರುತ್ತದೆ, ಓದಿದವರು ಸಾಕ್ಷಿಗಳನ್ನೇ ಬೈಯುತ್ತಾರೆ. 2000ರ ಮಾರ್ಚ್‌ನಲ್ಲಿ ಚಿಂತಾಮಣಿ ತಾಲ್ಲೂಕಿನ ಕಂಬಾಲಪಲ್ಲಿಯಲ್ಲಿ ಏಳು ಮಂದಿ ದಲಿತರನ್ನು ಸುಟ್ಟು ಕೊಂದ ಪ್ರಕರಣ 2006ರಲ್ಲಿ ಬಿದ್ದುಹೋದದ್ದು ಹೀಗೆಯೇ. ರಕ್ಷಣೆ ಕೇಳಲು ಆಗ ಸಾಕ್ಷಿಗೆ ಒಂದು ಅರ್ಜಿಯ ದಾರಿಯೂ ಇರಲಿಲ್ಲ. ಈಗ ಇದೆ. ಆದರೆ ಸಮನ್ಸ್ ಕೊಡಲು ಬರುವ ಪೊಲೀಸ್ ಪೇದೆಯಾಗಲಿ, ಸರ್ಕಾರಿ ವಕೀಲರಾಗಲಿ ಅದನ್ನು ಸಾಕ್ಷಿಗೆ ಹೇಳುವುದು ಅಪರೂಪ.

ಸಾಕ್ಷಿಯನ್ನು ಬಗ್ಗಿಸಲು ಮಚ್ಚು ತೋರಿಸಲೇಬೇಕೆಂದಿಲ್ಲ. ಕೂಲಿಗೆ ಕರೆಯುವುದು ನಿಲ್ಲುತ್ತದೆ, ಕೈಸಾಲ ನಾಳೆಯೇ ತೀರಿಸೆಂದು ಒತ್ತಾಯ ಶುರುವಾಗುತ್ತದೆ. ‘ರಾಜಿಯಾಗಿದೆ’ ಎಂದು ನಂಬಿಸಿ ಖಾಲಿ ಛಾಪಾ ಕಾಗದಕ್ಕೆ ಹೆಬ್ಬೆಟ್ಟು ಒತ್ತಿಸಿಕೊಳ್ಳುತ್ತಾರೆ. ಸುಳ್ಳು ಸಾಕ್ಷಿ ಹೇಳಿಸಲು ಜೀವ, ಮಾನ, ಆಸ್ತಿಗೆ ಬೆದರಿಕೆ ಹಾಕಿದರೆ ಭಾರತೀಯ ನ್ಯಾಯ ಸಂಹಿತೆಯ 232ನೇ ಕಲಮಿನಡಿ ಏಳು ವರ್ಷದವರೆಗೆ ಶಿಕ್ಷೆ. ಹಣದ ಆಮಿಷ ಈ ಕಲಮಿನೊಳಗೆ ಬರುವುದಿಲ್ಲ. ಅದಕ್ಕೆ ಸುಳ್ಳು ಸಾಕ್ಷ್ಯಕ್ಕೆ ಕುಮ್ಮಕ್ಕು ಕೊಟ್ಟ ಆರೋಪ ಹೊರಿಸಬೇಕು. ದೂರು ಬರೆಯುವಾಗ ಎರಡನ್ನೂ ಕಲಸಿದರೆ ಎದುರು ವಕೀಲರಿಗೆ ಅಲ್ಲೇ ದಾರಿ ಸಿಗುತ್ತದೆ. ಬೆದರಿಕೆಯ ದೂರು ತಂದವರನ್ನು ‘ಇದಕ್ಕೆ ಕೋರ್ಟೇ ದೂರು ಕೊಡಬೇಕು’ ಎಂದು ಠಾಣೆಯಲ್ಲಿ ಹೇಳಿ ಕಳಿಸುವುದಿತ್ತು. ಹಳೆಯ ಐಪಿಸಿಯ 195ಎ ಕಲಮಿನ ವಿಷಯದಲ್ಲಿ ಪೊಲೀಸರು ನೇರವಾಗಿ ಎಫ್‌ಐಆರ್ ದಾಖಲಿಸಬಹುದೆಂದು ಸುಪ್ರೀಂ ಕೋರ್ಟ್ 2025ರ ಅಕ್ಟೋಬರ್‌ನಲ್ಲಿ ಸ್ಪಷ್ಟಪಡಿಸಿದೆ. 232ನೇ ಕಲಮು ಅದರದೇ ಹೊಸ ರೂಪ.

ರಕ್ಷಣೆಯ ದಾರಿ ಬೇರೆ. 2018ರ ಸಾಕ್ಷಿ ರಕ್ಷಣಾ ಯೋಜನೆಯನ್ನು ಸುಪ್ರೀಂ ಕೋರ್ಟ್ ಅದೇ ವರ್ಷದ ಡಿಸೆಂಬರ್ 5ರಂದು ದೇಶಕ್ಕೆಲ್ಲ ಕಾನೂನಾಗಿ ಅನ್ವಯಿಸಿತು. ಜಿಲ್ಲಾ ಮತ್ತು ಸೆಷನ್ಸ್ ನ್ಯಾಯಾಧೀಶರು ಅಧ್ಯಕ್ಷರಾಗಿರುವ ಸಮಿತಿಗೆ ಅರ್ಜಿ ಕೊಡಬೇಕು. ಜಿಲ್ಲೆಯ ಪ್ರಾಸಿಕ್ಯೂಷನ್ (ಸರ್ಕಾರಿ ವಕೀಲರ ವಿಭಾಗ) ಮುಖ್ಯಸ್ಥರು ಅದರ ಸದಸ್ಯ ಕಾರ್ಯದರ್ಶಿ. ಅರ್ಜಿ ಅವರ ಮೂಲಕವೇ ಹೋಗುತ್ತದೆ. ಡಿವೈಎಸ್ಪಿ ಅಪಾಯದ ವರದಿಯನ್ನು ಐದು ಕೆಲಸದ ದಿನಗಳಲ್ಲಿ ಕೊಡಬೇಕು, ವರದಿ ಬಂದ ಮೇಲೆ ಇನ್ನೈದು ಕೆಲಸದ ದಿನಗಳಲ್ಲಿ ಸಮಿತಿ ತೀರ್ಮಾನಿಸಬೇಕು. ಅಪಾಯ ತಲೆಯ ಮೇಲಿದ್ದರೆ ಅಷ್ಟೂ ಕಾಯಬೇಕಿಲ್ಲ, ಮಧ್ಯಂತರ ರಕ್ಷಣೆ ಕೊಡಬಹುದು. ಗಸ್ತು, ಮನೆಗೆ ಸಿಸಿಟಿವಿ, ಕೋರ್ಟಿಗೆ ಬೆಂಗಾವಲು, ತಾತ್ಕಾಲಿಕ ವಾಸ್ತವ್ಯ ಬದಲಾವಣೆ ಇವೆಲ್ಲ ಅದರಲ್ಲಿವೆ. ಒಂದು ಸಲಕ್ಕೆ ಮೂರು ತಿಂಗಳ ಮಿತಿ ಇದೆ. ಬಹಳ ಕಡೆ ಎಡವುವುದು ಇಲ್ಲಿಯೇ: ವಿಚಾರಣೆ ವರ್ಷಗಟ್ಟಲೆ ಎಳೆಯುತ್ತದೆ, ನವೀಕರಣಕ್ಕೆ ಅರ್ಜಿ ಹಾಕುವವರಿರುವುದಿಲ್ಲ. ಬೆದರಿಕೆಯ ಕರೆ, ವಾಟ್ಸ್‌ಆ್ಯಪ್ ಧ್ವನಿಸಂದೇಶ ಬಂದಿದ್ದರೆ ಅಳಿಸಬಾರದು. ಬೇರೆ ಫೋನಿಗೆ ಕಳಿಸಿದ ಪ್ರತಿ ಸಾಲದು, ಮೂಲ ಫೋನನ್ನೇ ಉಳಿಸಿಕೊಳ್ಳಬೇಕು.

ಇಷ್ಟಾದರೂ ಮುಖ್ಯ ವಿಚಾರಣೆ ಇಂದು, ಪಾಟಿ ಸವಾಲು (ಎದುರು ವಕೀಲರ ಪ್ರಶ್ನೆಗಳು) ಮುಂದಿನ ತಿಂಗಳು ಎಂದರೆ ಎಲ್ಲವೂ ವ್ಯರ್ಥ, ನಡುವಿನ ದಿನಗಳಲ್ಲಿ ಸಾಕ್ಷಿಯನ್ನು ಬಗ್ಗಿಸಲು ಸಮಯ ಸಿಗುತ್ತದೆ. ಮಧ್ಯಪ್ರದೇಶದ ಖುಜ್ಜಿ ಪ್ರಕರಣದಲ್ಲಿ ಸಾಕ್ಷಿಯೊಬ್ಬ 1976ರ ನವೆಂಬರ್ 16ರಂದು ಹಲ್ಲೆಕೋರರನ್ನು ಹೆಸರು ಹಿಡಿದು ಗುರುತಿಸಿದ್ದ. ಡಿಸೆಂಬರ್ 15ರ ಪಾಟಿ ಸವಾಲಿನಲ್ಲಿ ಮಾತು ಬದಲಿಸಿದ. ಸುಪ್ರೀಂ ಕೋರ್ಟ್ 1991ರಲ್ಲಿ ಅವನ ಮೊದಲ ಮಾತನ್ನೇ ನಂಬಿತು. ಎಲ್ಲ ಪ್ರಕರಣಗಳಿಗೂ ಆ ಅದೃಷ್ಟವಿಲ್ಲ. ಹಾಜರಾದ ಸಾಕ್ಷಿಯನ್ನು ವಿಶೇಷ ಕಾರಣವಿಲ್ಲದೆ ವಿಚಾರಿಸದೆ ಕಳಿಸಬಾರದೆಂದು ಸಿಆರ್‌ಪಿಸಿಯ ಜಾಗಕ್ಕೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 346ನೇ ಕಲಮು ಹೇಳುತ್ತದೆ. ‘ಹಿರಿಯ ವಕೀಲರು ಇಂದಿಲ್ಲ’ ಎಂಬ ಮನವಿಗೆ ವಾಯಿದೆ ಕೊಡುವ ರೂಢಿ ನಿಲ್ಲಲಿ. ಸಮನ್ಸಿನ ಹಿಂಬದಿಯಲ್ಲಿ ರಕ್ಷಣೆಗೆ ಎಲ್ಲಿ, ಯಾರಿಗೆ ಅರ್ಜಿ ಕೊಡಬೇಕೆಂದು ಕನ್ನಡದಲ್ಲಿ ನಾಲ್ಕು ಸಾಲು ಅಚ್ಚಾಗಲಿ. ಓದಲು ಬಾರದವರಿಗೆ ಸಮನ್ಸ್ ತಂದ ಪೇದೆಯೇ ಅದನ್ನು ಓದಿ ಹೇಳಲಿ.

– ವಕೀಲರೊಬ್ಬರು, ಚಿಂತಾಮಣಿ