ಖುಲಾಸೆಯಾದವರು 'ಮುಗ್ಧ'ರೇ?

ಮಾನ್ಯರೇ,

ನ್ಯಾಯಾಲಯದ ವರದಿಗಳಲ್ಲಿ 'ನಿರ್ದೋಷಿ', 'ಅಮಾಯಕ', 'ಮುಗ್ಧ' ಎಂಬ ಪದಗಳನ್ನು ಒಂದೇ ಅರ್ಥದಲ್ಲಿ ಬಳಸುತ್ತಿರುವುದು ಓದುಗರಲ್ಲಿ ಗೊಂದಲ ಮೂಡಿಸುತ್ತಿದೆ.

ಕಾನೂನಿನಲ್ಲಿ ನಿರ್ದೋಷಿತ್ವವು ವಿಚಾರಣೆಯ ಕೊನೆಗೆ ಸಿಗುವ ಪ್ರಮಾಣಪತ್ರವಲ್ಲ, ಆರಂಭದಲ್ಲೇ ಆರೋಪಿಗೆ ಇರುವ ಸ್ಥಾನ. 1948ರ ಮಾನವ ಹಕ್ಕುಗಳ ಸಾರ್ವತ್ರಿಕ ಘೋಷಣೆಯ 11ನೇ ವಿಧಿ ಹೇಳುವುದೂ ಇದನ್ನೇ. ಆರೋಪವನ್ನು ಸಂಶಯಾತೀತವಾಗಿ ರುಜುವಾತುಪಡಿಸುವ ಹೊಣೆ ಪ್ರಾಸಿಕ್ಯೂಷನ್‌ನದು. ಸಾಕ್ಷಿ ತಿರುಗಿಬಿದ್ದರೂ, ವಶಪಡಿಸಿಕೊಂಡ ವಸ್ತು ಯಾರ ಕೈಯಿಂದ ಯಾರ ಕೈಗೆ ಹೋಯಿತೆಂಬ ದಾಖಲೆಯಲ್ಲಿ ಒಂದು ಕೊಂಡಿ ತಪ್ಪಿದರೂ ಪ್ರಕರಣ ಬಿದ್ದುಹೋಗಬಹುದು. ಹಾಗೆ ಖುಲಾಸೆಯಾದವರೂ ಕಾನೂನಿನ ಕಣ್ಣಿಗೆ ಪೂರ್ಣ ನಿರ್ದೋಷಿಗಳೇ. 'ಅರ್ಧ ನಿರ್ದೋಷಿ' ಎಂಬುದಿಲ್ಲ. ಜಾಮೀನಿನ ಮಾತು ಬೇರೆ. ಅದು ತಪ್ಪು-ಸರಿಯನ್ನು ತೀರ್ಮಾನಿಸುವುದೇ ಇಲ್ಲ, ಆದರೂ ಅದನ್ನು ಗೆಲುವೆಂದು ಬರೆಯುವವರಿದ್ದಾರೆ.

ನೈತಿಕತೆಯ ಅಳತೆಗೋಲಾದರೋ ಉದ್ದೇಶ ಮತ್ತು ಅರಿವು. ಕೊಟ್ಟ ಮಾತಿಗೆ ತಪ್ಪಿ ಸ್ನೇಹಿತನನ್ನು ನಡುನೀರಿನಲ್ಲಿ ಕೈಬಿಟ್ಟವನ ಮೇಲೆ ಯಾವ ಮೊಕದ್ದಮೆಯೂ ಇರದಿರಬಹುದು, ಹಾಗೆಂದು ಅವನು ತಪ್ಪಿಲ್ಲದವನಲ್ಲ. ಇನ್ನು 'ಮುಗ್ಧ' ಎನ್ನುವುದು ಕಪಟವರಿಯದ ಸ್ವಭಾವವನ್ನು. ಮಗುವಿಗೆ ಒಪ್ಪುವ ಮಾತು. ವಂಚನೆಯ ಆರೋಪದಿಂದ ಬಿಡುಗಡೆಯಾದ ಪಳಗಿದ ವ್ಯವಹಾರಸ್ಥರನ್ನು ಮುಗ್ಧರೆಂದರೆ ಅವರಿಗೇ ನಗು ಬಂದೀತು.

ತೀರ್ಪು ಬರುವವರೆಗೆ 'ಆರೋಪಿ', ಶಿಕ್ಷಾರ್ಹನೆಂದು ತೀರ್ಮಾನವಾದ ಮೇಲಷ್ಟೇ 'ಅಪರಾಧಿ' ಎಂಬ ನಿಯಮವನ್ನು ಶೀರ್ಷಿಕೆಗಳಲ್ಲೂ ಪಾಲಿಸಬೇಕು. ಬಂಧನದ ಸುದ್ದಿ ಬಂದ ಪುಟದಲ್ಲೇ, ಅಷ್ಟೇ ದೊಡ್ಡ ಅಕ್ಷರಗಳಲ್ಲಿ ಖುಲಾಸೆಯನ್ನೂ ಪ್ರಕಟಿಸಿ, ಜಾಲತಾಣದಲ್ಲಿರುವ ಹಳೆಯ ವರದಿಗೆ ತೀರ್ಪಿನ ದಿನಾಂಕ ಸೇರಿಸಬೇಕೆಂದು ಕೋರುತ್ತೇನೆ.

– ಓದುಗ